ಸಾಕ್ಷಿಯಾಗುವ ಕ್ಯಾಮೆರಾ: ಸಾಕ್ಷ್ಯಚಿತ್ರದ ಪರಿಭಾಷೆ ಮತ್ತು ತಂತ್ರ

(ಮಲೆನಾಡಿನ ಪರಿಸರ ಕಾರ್ಯಕರ್ತರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ಮಲೆನಾಡಿನ ಪ್ರತಿ ಊರಿನಲ್ಲಿಯೂ ಕ್ಯಾಮೆರಾ ಇದೆ. ಗುಡ್ಡ ಕುಸಿದರೆ, ಹೊಳೆಯ ಮರಳು ಲಾರಿ ಏರಿದರೆ, ರಸ್ತೆಯ ನೆಪದಲ್ಲಿ ಹಳೆಯ ಮರಗಳು ಉರುಳಿದರೆ ಕೆಲವೇ ನಿಮಿಷಗಳಲ್ಲಿ ಆ ದೃಶ್ಯ ನೂರಾರು ಮೊಬೈಲ್‌ಗಳನ್ನು ತಲುಪುತ್ತದೆ. ಅಷ್ಟೇ ಬೇಗ ಸಂದೇಹವೂ ಹುಟ್ಟುತ್ತದೆ. ಇದು ಯಾವ ಊರಿನದು, ಯಾವ ವರ್ಷದ್ದು, ಚಿತ್ರಿಸಿದವರು ಯಾರು? ಉತ್ತರ ಸಿಗದಿದ್ದರೆ ದೃಶ್ಯವು ಮರುದಿನವೇ ಮರೆತುಹೋಗುತ್ತದೆ. ದೃಶ್ಯಗಳಿಗೆ ಬರವಿಲ್ಲದ ಈ ಕಾಲದಲ್ಲಿ ನಂಬಲರ್ಹವಾದ ದೃಶ್ಯಗಳಿಗೆ ಬರ ಬಂದಿದೆ.

ಆದುದರಿಂದ ಸಾಕ್ಷ್ಯಚಿತ್ರದ ಪರಿಭಾಷೆಯನ್ನು ಅರಿಯುವುದು ಕೇವಲ ಕಲಾಸಕ್ತರ ಕೆಲಸವಲ್ಲ. ಶಾಟ್, ಸಂಕಲನ, ಕಟ್‌ಅವೇ, ನಿರೂಪಣೆ, ಮರುಸೃಷ್ಟಿ ಎಂಬ ಒಂದೊಂದು ಪದವೂ ಚಿತ್ರ ತಯಾರಿಸುವವರು ಕೈಗೊಳ್ಳಬೇಕಾದ ಒಂದೊಂದು ನಿರ್ಧಾರದ ಹೆಸರಾಗಿದೆ. ಆ ನಿರ್ಧಾರದಲ್ಲಿ ಸತ್ಯ ಉಳಿಯಲೂಬಹುದು, ಸೋರಿ ಹೋಗಲೂಬಹುದು. ಕಂಪನಿಗಳ ಬಳಿ ಹಣವಿದೆ, ಸರ್ಕಾರದ ಬಳಿ ಅಧಿಕಾರವಿದೆ. ಚಳವಳಿಯ ಬಳಿ ಇರುವ ಬಂಡವಾಳ ಜನರ ನಂಬಿಕೆಯೊಂದೇ. ಹತ್ತು ನಿಜವಾದ ದೃಶ್ಯಗಳ ನಡುವೆ ಸೇರಿಸಿದ ಒಂದು ಸುಳ್ಳು ದೃಶ್ಯವು ಆ ಹತ್ತನ್ನೂ ತಳ್ಳಿಹಾಕಲು ಎದುರಾಳಿಗೆ ಸಾಕಾಗುತ್ತದೆ.

ಹೆಸರಿನೊಳಗಿನ ಕಣ್ಣು

‘ಸಾಕ್ಷಿ’ ಎಂಬ ಪದದೊಳಗೆ ‘ಅಕ್ಷಿ’, ಅಂದರೆ ಕಣ್ಣು ಇದೆ. ಕಣ್ಣಾರೆ ಕಂಡವನೇ ಸಾಕ್ಷಿ. ಇಂಗ್ಲಿಷಿನ ‘ಡಾಕ್ಯುಮೆಂಟರಿ’ ಪದವು ಕಾಗದಪತ್ರವನ್ನು, ದಾಖಲೆಯನ್ನು ನೆನಪಿಸಿದರೆ ಕನ್ನಡದ ‘ಸಾಕ್ಷ್ಯಚಿತ್ರ’ವು ನೋಡಿದವನ ಹೊಣೆಯನ್ನು ನೆನಪಿಸುತ್ತದೆ. ದಾಖಲೆಯನ್ನು ಕಪಾಟಿನಲ್ಲಿ ಇಡಬಹುದು. ಸಾಕ್ಷಿಯಾದರೋ ಎದ್ದು ನಿಂತು ಪಾಟೀಸವಾಲಿಗೆ ಉತ್ತರಿಸಬೇಕು.

ಇಂಗ್ಲಿಷಿನ ಪದವನ್ನು ಈ ಬಗೆಯ ಚಲನಚಿತ್ರಕ್ಕೆ ಅನ್ವಯಿಸಿ ಪ್ರಚಾರಕ್ಕೆ ತಂದವರು ಸ್ಕಾಟ್ಲೆಂಡಿನ ಜಾನ್ ಗ್ರಿಯರ್‌ಸನ್. ಸಮೋವಾ ದ್ವೀಪದ ಜನಜೀವನವನ್ನು ಕುರಿತ ರಾಬರ್ಟ್ ಫ್ಲಾಹರ್ಟಿಯವರ ‘ಮೊವಾನಾ’ ಚಿತ್ರವನ್ನು 1926ರಲ್ಲಿ ವಿಮರ್ಶಿಸುತ್ತ ಅವರು ಈ ಪದವನ್ನು ಬಳಸಿದರು. ವಾಸ್ತವವನ್ನು ಸೃಜನಶೀಲವಾಗಿ ನಿರ್ವಹಿಸುವುದೇ ಸಾಕ್ಷ್ಯಚಿತ್ರ ಎಂಬುದು ಮುಂದೆ ಅವರು ಕೊಟ್ಟ ವ್ಯಾಖ್ಯೆಯ ಸಾರ. ವಾಸ್ತವ ಮತ್ತು ಸೃಜನಶೀಲತೆ ಎಂಬ ಈ ಎರಡು ಪದಗಳ ನಡುವಿನ ಜಗ್ಗಾಟವೇ ಸಾಕ್ಷ್ಯಚಿತ್ರದ ಇಡೀ ಇತಿಹಾಸ ಎಂದರೆ ತಪ್ಪಾಗಲಾರದು.

ಈ ಜಗ್ಗಾಟ ಸಿನಿಮಾ ಹುಟ್ಟಿದ ವರ್ಷದಿಂದಲೇ ಇದೆ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ತಮ್ಮ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ದೃಶ್ಯವನ್ನು ತೋರಿಸಿದರು. ಆ ದೃಶ್ಯದ ಮೂರು ಆವೃತ್ತಿಗಳು ಉಳಿದುಬಂದಿವೆ. ಅಂದರೆ ಕೆಲಸಗಾರರು ಕ್ಯಾಮೆರಾಗಾಗಿ ಮತ್ತೆ ಮತ್ತೆ ಹೊರಬಂದಿದ್ದರು.

ಮರುಸೃಷ್ಟಿ: ಎಲ್ಲಿಯವರೆಗೆ?

ನಡೆದುಹೋದುದನ್ನು ಕ್ಯಾಮೆರಾದ ಮುಂದೆ ಮತ್ತೆ ನಡೆಸುವುದಕ್ಕೆ ಮರುಸೃಷ್ಟಿ ಎನ್ನುತ್ತಾರೆ. ಇದರ ಪ್ರಸಿದ್ಧ ಉದಾಹರಣೆ ಫ್ಲಾಹರ್ಟಿಯವರದೇ ‘ನಾನೂಕ್ ಆಫ್ ದ ನಾರ್ತ್’. ಕೆನಡಾದ ಉತ್ತರದ ಹಿಮಪ್ರದೇಶದಲ್ಲಿ ಇನ್ಯೂಟ್ ಜನರೊಂದಿಗೆ ಚಿತ್ರಿಸಿದ ಈ ಚಿತ್ರ 1922ರಲ್ಲಿ ಬಿಡುಗಡೆಯಾಯಿತು. ಚಿತ್ರದ ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲ, ಅಲ್ಲಾಕರಿಯಾಲ್ಲಕ್. ಚಿತ್ರದಲ್ಲಿ ಕಾಣುವ ಕುಟುಂಬವೂ ಅವನದಲ್ಲ. ಆ ವೇಳೆಗಾಗಲೇ ಅಲ್ಲಿನ ಬೇಟೆಗಾರರು ಬಂದೂಕು ಬಳಸುತ್ತಿದ್ದರೂ ಚಿತ್ರಕ್ಕಾಗಿ ಹಳೆಯ ಕಾಲದ ಈಟಿಗಳಿಂದ ಬೇಟೆಯಾಡಿದರು. ಹಿಮದ ಮನೆಯೊಳಗೆ ಬೆಳಕು ಸಾಲದೆ, ಒಂದು ಪಕ್ಕ ತೆರೆದ ಅರ್ಧ ಮನೆಯನ್ನು ಕಟ್ಟಿ ಒಳಗಿನ ದೃಶ್ಯಗಳನ್ನು ಚಿತ್ರಿಸಲಾಯಿತು.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅರ್ಧ ಮನೆಯನ್ನು ಕಟ್ಟಿದ್ದು ಅಂದಿನ ಕ್ಯಾಮೆರಾದ ಮಿತಿಯನ್ನು ದಾಟುವ ಉಪಾಯ. ಅದರಿಂದ ಜನಜೀವನದ ಸತ್ಯ ಕೆಡಲಿಲ್ಲ. ಆದರೆ ಬಂದೂಕನ್ನು ಬಚ್ಚಿಟ್ಟು ಈಟಿ ಕೊಟ್ಟದ್ದು ಬೇರೆಯೇ ಸಂಗತಿ. ಕಾಲದೊಂದಿಗೆ ಬದಲಾಗುತ್ತಿದ್ದ ಒಂದು ಸಮುದಾಯವನ್ನು ಅದು ಕಾಲದ ಹೊರಗೆ ನಿಲ್ಲಿಸಿತು. ಮಲೆನಾಡಿನ ಕಾಡಿನಂಚಿನ ಜನರನ್ನು ಚಿತ್ರಿಸುವವರೂ ಇದೇ ತಪ್ಪಿಗೆ ಬೀಳುತ್ತಾರೆ. ಮನೆಯ ಮೇಲಿನ ಡಿಶ್ ಆಂಟೆನಾ ಕಾಣದಂತೆ ಕ್ಯಾಮೆರಾ ತಿರುಗಿಸುವುದು, ಅಂಗಳದ ಬೈಕನ್ನು ಸರಿಸುವುದು, ಪ್ಯಾಂಟು ಬಿಚ್ಚಿಸಿ ಪಂಚೆ ಉಡಿಸುವುದು ಇವೆಲ್ಲ ಈಟಿ ಕೊಡುವ ಕೆಲಸಗಳೇ.

ವನ್ಯಜೀವಿ ಚಿತ್ರಗಳ ಇತಿಹಾಸದಲ್ಲಿ ಇದಕ್ಕಿಂತ ಕ್ರೂರವಾದ ಉದಾಹರಣೆಯಿದೆ. 1958ರಲ್ಲಿ ಡಿಸ್ನಿ ಸಂಸ್ಥೆ ಹೊರತಂದ ‘ವೈಟ್ ವೈಲ್ಡರ್‌ನೆಸ್’ ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಇಲಿಯಂಥ ಜೀವಿಗಳು ಗುಂಪುಗುಂಪಾಗಿ ಕಡಿದಾದ ದಂಡೆಯಿಂದ ನೀರಿಗೆ ಹಾರಿ ಸಾಯುವ ದೃಶ್ಯವಿದೆ. ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂತು. 1980ರ ದಶಕದಲ್ಲಿ ಕೆನಡಾದ ಸಿಬಿಸಿ ಟೆಲಿವಿಷನ್ ಇದರ ಹಿಂದಿನ ಕಥೆಯನ್ನು ಬಯಲಿಗೆಳೆಯಿತು. ಆ ದೃಶ್ಯವನ್ನು ಚಿತ್ರಿಸಿದ್ದು ಸಮುದ್ರವೇ ಇಲ್ಲದ ಆಲ್ಬರ್ಟಾ ಪ್ರಾಂತದಲ್ಲಿ. ಬೇರೆಡೆಯಿಂದ ತಂದ ಪ್ರಾಣಿಗಳನ್ನು ತಿರುಗುವ ವೇದಿಕೆಯ ಮೇಲೆ ಓಡಿಸಿ ದೊಡ್ಡ ಹಿಂಡಿನ ಭ್ರಮೆಯನ್ನು ಹುಟ್ಟಿಸಲಾಗಿತ್ತು. ಬಳಿಕ ಅವನ್ನು ದಂಡೆಯಿಂದ ಕೆಳಗೆ ತಳ್ಳಲಾಗಿತ್ತು. ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. ಆದರೂ ಅವು ಹಾಗೆ ಮಾಡುತ್ತವೆ ಎಂಬ ನಂಬಿಕೆ ಲೋಕದಲ್ಲಿ ಇಂದಿಗೂ ಉಳಿದಿದೆ. ಸುಳ್ಳು ದೃಶ್ಯವನ್ನು ಹಿಂತೆಗೆದುಕೊಳ್ಳುವುದು ಸುಲಭವಲ್ಲ.

ಮರುಸೃಷ್ಟಿ ಅನಿವಾರ್ಯವಾದರೆ ಪಾಲಿಸಬೇಕಾದ ನಿಯಮ ಒಂದೇ: ಇದು ಮರುಸೃಷ್ಟಿ ಎಂಬ ಬರಹ ಆ ದೃಶ್ಯದ ಮೇಲೆಯೇ ಕಾಣಬೇಕು.

ಚೌಕಟ್ಟಿನ ಒಳಗೆ ಮತ್ತು ಹೊರಗೆ

ಕ್ಯಾಮೆರಾ ಒಮ್ಮೆ ಚಾಲೂ ಆಗಿ ನಿಲ್ಲುವವರೆಗೆ ದಾಖಲಾಗುವ ತುಣುಕೇ ಶಾಟ್. ಇಡೀ ಪ್ರದೇಶವನ್ನು ಕಾಣಿಸುವುದು ವೈಡ್ ಶಾಟ್. ವ್ಯಕ್ತಿಯನ್ನು ಸೊಂಟದಿಂದ ಮೇಲಕ್ಕೆ ಕಾಣಿಸುವುದು ಮಿಡ್ ಶಾಟ್. ಮುಖವನ್ನೋ ಕೈಯನ್ನೋ ಮಾತ್ರ ತುಂಬಿಕೊಳ್ಳುವುದು ಕ್ಲೋಸ್‌ಅಪ್. ನಿಂತಲ್ಲಿಯೇ ಕ್ಯಾಮೆರಾವನ್ನು ಅಕ್ಕಪಕ್ಕಕ್ಕೆ ತಿರುಗಿಸಿದರೆ ಪ್ಯಾನ್, ಮೇಲೆ ಕೆಳಗೆ ಆಡಿಸಿದರೆ ಟಿಲ್ಟ್. ಇವು ಯಾವ ಪಠ್ಯಪುಸ್ತಕದಲ್ಲಿಯೂ ಸಿಗುವ ಪದಗಳು. ಇವುಗಳ ಆಯ್ಕೆಯಿಂದ ಅರ್ಥ ಹೇಗೆ ಬದಲಾಗುತ್ತದೆ ಎಂಬುದನ್ನು ಮಾತ್ರ ಸ್ಥಳದಲ್ಲಿ ನಿಂತೇ ಕಲಿಯಬೇಕು.

ಭೂಕುಸಿತವನ್ನೇ ತೆಗೆದುಕೊಳ್ಳಬಹುದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಇಂಥ ಸ್ಥಳದಲ್ಲಿ ಕೆಸರನ್ನು, ಮುರಿದ ಮರವನ್ನು, ಅಳುವ ಮುಖವನ್ನು ಕ್ಲೋಸ್‌ಅಪ್‌ನಲ್ಲಿ ಮಾತ್ರ ತೋರಿಸಿದರೆ ನೋಡುಗರಿಗೆ ಕಾಣುವುದು ಮಳೆಯ ಮುನಿಸು. ಹೊಳೆಯ ಆಚೆ ದಡದಿಂದ ವೈಡ್ ಶಾಟ್ ತೆಗೆದರೆ ರಸ್ತೆಗಾಗಿ ಗುಡ್ಡದ ಬುಡವನ್ನು ಎಷ್ಟು ಕಡಿದಾಗಿ ಕತ್ತರಿಸಲಾಗಿತ್ತು ಎಂಬುದು ಮಾತಿಲ್ಲದೆಯೇ ಕಾಣುತ್ತದೆ. ಕ್ಲೋಸ್‌ಅಪ್ ದುಃಖವನ್ನು ತೋರಿಸುತ್ತದೆ, ವೈಡ್ ಶಾಟ್ ಕಾರಣವನ್ನು ತೋರಿಸುತ್ತದೆ. ಟೆಲಿವಿಷನ್ ಸುದ್ದಿಗೆ ಮೊದಲನೆಯದೇ ಹೆಚ್ಚು ಬೇಕಾಗುತ್ತದೆ. ಚಳವಳಿಯ ಚಿತ್ರದಲ್ಲಿ ಎರಡೂ ಇರಲೇಬೇಕು.

ನಿಧಾನವಾಗಿ ನಡೆಯುವ ಹಾನಿಯನ್ನು ತೋರಿಸಲು ಟೈಮ್‌ಲ್ಯಾಪ್ಸ್ ಎಂಬ ತಂತ್ರವಿದೆ. ಒಂದೇ ಜಾಗದಲ್ಲಿ ನೆಟ್ಟ ಕ್ಯಾಮೆರಾ ಗೊತ್ತಾದ ಅಂತರದಲ್ಲಿ ಚಿತ್ರ ತೆಗೆಯುತ್ತ ಹೋಗುತ್ತದೆ. ಛಾಯಾಗ್ರಾಹಕ ಜೇಮ್ಸ್ ಬಾಲಾಗ್ 2007ರಿಂದ ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಅಲಾಸ್ಕಾಗಳ ಹಿಮನದಿಗಳ ಎದುರು ಹೀಗೆ ಕ್ಯಾಮೆರಾಗಳನ್ನು ನೆಟ್ಟರು. ಹಿಮನದಿಗಳು ಹಿಂದೆ ಸರಿಯುವುದನ್ನು 2012ರ ‘ಚೇಸಿಂಗ್ ಐಸ್’ ಚಿತ್ರ ಅದರಿಂದಲೇ ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹಳ್ಳಿಯ ತಂಡಕ್ಕೆ ಅಂಥ ಸಲಕರಣೆ ಬೇಕಾಗಿಲ್ಲ. ಕಲ್ಲುಕ್ವಾರಿಯ ಎದುರಿನ ಒಂದು ಬಂಡೆಯನ್ನು ಗುರುತಿಟ್ಟುಕೊಂಡು ಪ್ರತಿ ತಿಂಗಳೂ ಅದೇ ಬಂಡೆಯ ಮೇಲಿನಿಂದ, ಅದೇ ಎತ್ತರದಿಂದ, ಝೂಮ್ ಬದಲಿಸದೆ ಚಿತ್ರ ತೆಗೆದರೆ ಸಾಕು. ಒಂದು ಎಚ್ಚರ ಅಗತ್ಯ. ಹೋಲಿಕೆ ಯಾವಾಗಲೂ ಒಂದೇ ಋತುವಿನದಾಗಿರಬೇಕು. ಆಗಸ್ಟಿನ ತುಂಬಿದ ಹೊಳೆಯ ಪಕ್ಕದಲ್ಲಿ ಏಪ್ರಿಲ್‌ನ ಬತ್ತಿದ ಹೊಳೆಯನ್ನಿಟ್ಟು ನದಿ ಸತ್ತಿತು ಎನ್ನುವುದು ಮೋಸ. ಮಲೆನಾಡಿನ ಶಾಲಾ ಮಕ್ಕಳೂ ಅದನ್ನು ಗುರುತಿಸಬಲ್ಲರು.

ಕತ್ತರಿಯ ಕೆಲಸ

ಚಿತ್ರಿಸಿದ ಕಚ್ಚಾ ದೃಶ್ಯಗಳಿಗೆ ರಶಸ್ ಎನ್ನುತ್ತಾರೆ. ಹತ್ತಾರು ಗಂಟೆಗಳ ರಶಸ್‌ನಿಂದ ಅರ್ಧ ಗಂಟೆಯ ಚಿತ್ರವನ್ನು ಹೊರತೆಗೆಯುವುದೇ ಸಂಕಲನ. ಸೋವಿಯತ್ ರಷ್ಯಾದ ಲೆವ್ ಕುಲೆಶೋವ್ ನಡೆಸಿದ ಪ್ರಯೋಗ ಸಂಕಲನದ ಶಕ್ತಿಯನ್ನು ಅರಿಯಲು ಇಂದಿಗೂ ಉಪಯುಕ್ತ. ನಟನೊಬ್ಬನ ಭಾವರಹಿತ ಮುಖದ ಒಂದೇ ಶಾಟನ್ನು ಸೂಪಿನ ಬಟ್ಟಲಿನ ಪಕ್ಕದಲ್ಲಿ ಜೋಡಿಸಿದಾಗ ನೋಡುಗರಿಗೆ ಹಸಿವು ಕಂಡಿತು, ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿದಾಗ ದುಃಖ ಕಂಡಿತು. ಬದಲಾದದ್ದು ಮುಖವಲ್ಲ, ನೆರೆಯ ಶಾಟು. ಅಧಿಕಾರಿಯೊಬ್ಬರು ಬೇರಾವುದೋ ಸಭೆಯಲ್ಲಿ ನಕ್ಕ ಶಾಟನ್ನು ಸಂತ್ರಸ್ತರು ಅಳುವ ಶಾಟಿನ ಮುಂದೆ ಜೋಡಿಸಿದರೆ ಪ್ರೇಕ್ಷಕರ ರಕ್ತ ಕುದಿಯುತ್ತದೆ, ನಿಜ. ಆದರೆ ಆ ಎರಡು ಶಾಟ್‌ಗಳು ಬೇರೆ ಬೇರೆ ದಿನದವು ಎಂದು ತಿಳಿದ ಗಳಿಗೆಯಲ್ಲಿ ಅವರ ಕೋಪ ಚಿತ್ರ ತಯಾರಿಸಿದವರ ಕಡೆಗೇ ತಿರುಗುತ್ತದೆ.

ಕಟ್‌ಅವೇ ಎಂಬುದು ಇನ್ನೂ ಸೂಕ್ಷ್ಮವಾದ ತಂತ್ರ. ಮಾತನಾಡುವವರ ಮುಖದಿಂದ ಕ್ಷಣಕಾಲ ಅವರ ಕೈಗೆ, ಕಿಟಕಿಗೆ, ಹೊರಗಿನ ತೋಟಕ್ಕೆ ದೃಶ್ಯವನ್ನು ಹೊರಳಿಸುವುದು ಕಟ್‌ಅವೇ. ಆ ಹೊರಳಿನ ಮರೆಯಲ್ಲಿ ಮಾತನ್ನು ಕತ್ತರಿಸಬಹುದು, ಜೋಡಣೆ ಕಾಣುವುದಿಲ್ಲ. ಕೆಮ್ಮನ್ನೋ ಪುನರಾವರ್ತನೆಯನ್ನೋ ತೆಗೆಯಲು ಇದನ್ನು ಬಳಸುವುದು ಸರಿಯೇ. ‘ಆದರೆ’ ಎಂಬ ಪದದ ನಂತರ ಬಂದ ಅರ್ಧ ಮಾತನ್ನು ನುಂಗಲು ಬಳಸುವುದು ಸರಿಯಲ್ಲ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಸಂಕಲನ ಮುಗಿದ ಭಾಗವನ್ನು ಮಾತನಾಡಿದವರ ಮುಂದಿಟ್ಟರೆ ‘ಹೌದು, ಹೇಳಿದ್ದು ಇದನ್ನೇ’ ಎಂದು ಅವರು ಒಪ್ಪಬೇಕು. ಈ ಪರೀಕ್ಷೆ ಎದುರಾಳಿಯ ಮಾತಿಗೂ ಅನ್ವಯಿಸುತ್ತದೆ.

ಮಾತನಾಡುವವರು ಯಾರು?

ದೃಶ್ಯದ ಹಿಂದೆ, ಮುಖ ಕಾಣದಂತೆ ಕೇಳಿಬರುವ ವಿವರಣೆಗೆ ಹಿನ್ನೆಲೆ ನಿರೂಪಣೆ ಎನ್ನುತ್ತಾರೆ. 1948ರಲ್ಲಿ ಸ್ಥಾಪನೆಯಾದ ಫಿಲಂಸ್ ಡಿವಿಷನ್ ತಯಾರಿಸಿದ ಚಿತ್ರಗಳನ್ನು ದೇಶದ ಚಿತ್ರಮಂದಿರಗಳು ದಶಕಗಳ ಕಾಲ ಮುಖ್ಯ ಸಿನಿಮಾಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದವು. ಅಣೆಕಟ್ಟು, ಕಾರ್ಖಾನೆ, ಹೆದ್ದಾರಿಗಳನ್ನು ವರ್ಣಿಸುತ್ತಿದ್ದ ಆ ಗಂಭೀರ ಧ್ವನಿ ಹಿರಿಯರ ಕಿವಿಯಲ್ಲಿ ಇನ್ನೂ ಇರಬಹುದು. ಅಲ್ಲಿ ಜನ ಕಾಣುತ್ತಿದ್ದರು, ಅವರ ದನಿ ಮಾತ್ರ ಅಪರೂಪವಾಗಿತ್ತು. ಅದೇ ಸಂಸ್ಥೆಯಲ್ಲಿದ್ದ ಎಸ್.ಎನ್.ಎಸ್. ಶಾಸ್ತ್ರಿಯವರು 1967ರ ‘ಐ ಆ್ಯಮ್ 20’ ಚಿತ್ರದಲ್ಲಿ ಸ್ವಾತಂತ್ರ್ಯದ ವರ್ಷ ಹುಟ್ಟಿದ ಯುವಜನರನ್ನೇ ಮಾತನಾಡಿಸಿ ಆ ರೂಢಿಯನ್ನು ಮುರಿದರು ಎಂಬುದನ್ನೂ ನೆನೆಯಬೇಕು. 2022ರಲ್ಲಿ ಫಿಲಂಸ್ ಡಿವಿಷನ್ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿತು.

1960ರ ಸುಮಾರಿಗೆ ಹೆಗಲ ಮೇಲೆ ಹೊರಬಹುದಾದ 16 ಮಿ.ಮೀ. ಕ್ಯಾಮೆರಾ ಮತ್ತು ಅದರೊಂದಿಗೆ ಹೊಂದಿಕೊಂಡು ಮಾತನ್ನು ದಾಖಲಿಸುವ ಹಗುರವಾದ ಟೇಪ್ ರೆಕಾರ್ಡರ್ ಬಂದ ಮೇಲೆ ಎರಡು ದಾರಿಗಳು ತೆರೆದವು. ಅಮೆರಿಕದ ರಾಬರ್ಟ್ ಡ್ರೂ ಮತ್ತು ಸಂಗಡಿಗರು ಚುನಾವಣೆಯೊಂದನ್ನು ಕುರಿತ ‘ಪ್ರೈಮರಿ’ ಚಿತ್ರದಲ್ಲಿ ನಡೆಯುವುದರಲ್ಲಿ ಕೈಹಾಕದೆ, ಮೂಲೆಯಲ್ಲಿ ನಿಂತು ನೋಡುವ ಕ್ರಮವನ್ನು ಅನುಸರಿಸಿದರು. ಇದು ಡೈರೆಕ್ಟ್ ಸಿನಿಮಾ. ಫ್ರಾನ್ಸಿನ ಜಾನ್ ರೂಶ್ ಮತ್ತು ಎಡ್ಗರ್ ಮೊರಾನ್ ಪ್ಯಾರಿಸಿನ ಜನರ ಬದುಕನ್ನು ಕುರಿತ 1961ರ ‘ಕ್ರಾನಿಕಲ್ ಆಫ್ ಎ ಸಮ್ಮರ್’ ಚಿತ್ರದಲ್ಲಿ ಕ್ಯಾಮೆರಾ ಇರುವುದನ್ನು ಮುಚ್ಚಿಡದೆ ಪ್ರಶ್ನೆ ಕೇಳಿದರು, ಸ್ವತಃ ಕಾಣಿಸಿಕೊಂಡರು. ಇದು ಸಿನಿಮಾ ವೆರಿತೆ. ಅವರು ಚಿತ್ರಿಸಿದ್ದನ್ನು ಭಾಗವಹಿಸಿದವರಿಗೇ ತೋರಿಸಿ, ಅವರ ಒಪ್ಪಿಗೆ ಮತ್ತು ಆಕ್ಷೇಪಗಳೆರಡನ್ನೂ ಅದೇ ಚಿತ್ರದೊಳಗೆ ಸೇರಿಸಿದರು. ಚಳವಳಿಯ ತಂಡಗಳಿಗೆ ಈ ಎರಡನೆಯ ದಾರಿ ಹೆಚ್ಚು ಪ್ರಾಮಾಣಿಕವಾದುದು. ಹೋರಾಟದಲ್ಲಿ ಪಾಲ್ಗೊಂಡವರು ತಟಸ್ಥರಂತೆ ನಟಿಸುವ ಅಗತ್ಯವಿಲ್ಲ. ನಿಂತ ಪಕ್ಷವನ್ನು ಹೇಳಿಕೊಂಡು ನಿಂತರೆ ಸಾಕು.

ಸದ್ದಿನ ವಿಷಯದಲ್ಲಿಯೂ ಎಚ್ಚರ ಬೇಕು. ದೂರದ ಪ್ರಾಣಿಯನ್ನು ಉದ್ದ ಲೆನ್ಸಿನಿಂದ ಚಿತ್ರಿಸುವಾಗ ಅದರ ಹೆಜ್ಜೆಯ ಸದ್ದು ಮೈಕಿಗೆ ಸಿಗುವುದಿಲ್ಲ. ಬಹುಪಾಲು ವನ್ಯಜೀವಿ ಚಿತ್ರಗಳಲ್ಲಿ ಅಂಥ ಸದ್ದನ್ನು ಸ್ಟುಡಿಯೋದಲ್ಲಿ ಮಾಡಿ ಸೇರಿಸುತ್ತಾರೆ. ಇದಕ್ಕೆ ಫೋಲಿ ಎಂದು ಹೆಸರು. ಇದು ಒಪ್ಪಿತ ರೂಢಿಯಾದರೂ ಶೋಲಾ ಕಾಡಿನ ಸಿಳ್ಳಾರದ ಹಾಡನ್ನು ಅಕೇಶಿಯಾ ನೆಡುತೋಪಿನ ದೃಶ್ಯಕ್ಕೆ ಅಂಟಿಸಿದರೆ ಅದು ಸುಳ್ಳು ಸಾಕ್ಷ್ಯವಾಗುತ್ತದೆ. ನೆಡುತೋಪಿನ ಮೌನವೇ ಅಲ್ಲಿ ಹೇಳಬೇಕಾದ ಸಂಗತಿ. ಆದುದರಿಂದ ಚಿತ್ರೀಕರಣ ನಡೆಸಿದ ಪ್ರತಿ ಸ್ಥಳದಲ್ಲಿಯೂ ಯಾರೂ ಮಾತನಾಡದೆ ಒಂದು ನಿಮಿಷ ಅಲ್ಲಿನ ಸಹಜ ಸದ್ದನ್ನು ದಾಖಲಿಸುವ ಅಭ್ಯಾಸ ಒಳ್ಳೆಯದು.

ಹಣ ಮತ್ತು ಒಪ್ಪಿಗೆ

ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯೂ ಪರಿಭಾಷೆಯ ಭಾಗವೇ. ‘ನಾನೂಕ್’ ಚಿತ್ರಕ್ಕೆ ಹಣ ಕೊಟ್ಟದ್ದು ತುಪ್ಪಳದ ವ್ಯಾಪಾರದ ಕಂಪನಿ. ಜೌಗುನಾಡಿನ ಹುಡುಗನೊಬ್ಬನ ಕಣ್ಣಿನಲ್ಲಿ ತೈಲಬಾವಿಯ ಯಂತ್ರವನ್ನು ನಿರುಪದ್ರವಿ ಅತಿಥಿಯಂತೆ ಕಾಣಿಸಿದ ಫ್ಲಾಹರ್ಟಿಯವರ 1948ರ ‘ಲೂಸಿಯಾನಾ ಸ್ಟೋರಿ’ಗೆ ಹಣ ಕೊಟ್ಟದ್ದು ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ಎರಡೂ ಸುಂದರ ಚಿತ್ರಗಳೇ. ಸೌಂದರ್ಯದ ಹಿಂದೆ ಯಾರ ಹಣವಿದೆ ಎಂದು ಕೇಳುವ ಹಕ್ಕು ನೋಡುಗರಿಗಿದೆ. ಚಳವಳಿಯ ಚಿತ್ರಕ್ಕೂ ಅದೇ ಪ್ರಶ್ನೆ ಬರುತ್ತದೆ. ಉತ್ತರ ಚಿತ್ರದಲ್ಲಿಯೇ ಇರಲಿ.

ಒಪ್ಪಿಗೆಯ ವಿಷಯ ಇದಕ್ಕಿಂತ ಗಂಭೀರವಾದುದು. ಕಾಡಿನಂಚಿನ ಮಹಿಳೆಯೊಬ್ಬರು ಕ್ಯಾಮೆರಾದ ಮುಂದೆ ವಿಶ್ವಾಸದಿಂದ ಮಾತನಾಡುತ್ತ, ಎಷ್ಟು ವರ್ಷಗಳಿಂದ ಯಾವ ಜಾಗದಲ್ಲಿ ಸಾಗುವಳಿ ಮಾಡುತ್ತಿದ್ದೇವೆ, ಯಾವ ಮರ ಕಡಿದು ಮನೆ ಕಟ್ಟಿದೆವು ಎಂದೆಲ್ಲ ಹೇಳುತ್ತಾರೆ ಎಂದುಕೊಳ್ಳೋಣ. ಅವರ ಬಗರ್‌ಹುಕುಂ ಅರ್ಜಿಯೋ 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯ ಅರ್ಜಿಯೋ ಇನ್ನೂ ತೀರ್ಮಾನವಾಗಿರುವುದಿಲ್ಲ. ಕಾಡನ್ನು ಉಳಿಸಲೆಂದು ತಯಾರಾದ ಚಿತ್ರವೇ ನಾಳೆ ಆ ಕುಟುಂಬದ ವಿರುದ್ಧ ಸಾಕ್ಷ್ಯವಾಗಬಹುದು. ಸಮ್ಮತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಈ ಹೊಣೆ ಕಳಚುವುದಿಲ್ಲ. ಚಿತ್ರ ಎಲ್ಲೆಲ್ಲಿ ಪ್ರದರ್ಶನವಾಗುತ್ತದೆ, ಯಾರು ನೋಡಬಹುದು, ಅದರಿಂದ ಯಾವ ತೊಂದರೆ ಬರಬಹುದು ಎಂಬುದನ್ನು ಅವರ ಮಾತಿನಲ್ಲಿಯೇ ವಿವರಿಸಬೇಕು. ಬೇಡವೆಂದರೆ ಆ ಭಾಗವನ್ನು ಕೈಬಿಡಬೇಕು, ಅದು ಚಿತ್ರದ ಅತ್ಯುತ್ತಮ ಭಾಗವಾಗಿದ್ದರೂ ಸರಿ.

ಒಪ್ಪಿಗೆ ಕೊಡಲಾರದ ಜೀವಿಗಳ ವಿಷಯದಲ್ಲಿ ಹೊಣೆ ಇಮ್ಮಡಿಯಾಗುತ್ತದೆ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಹಣ್ಣು ತಂದುಕೊಡುವ ಗಂಡನ್ನೇ ಅದು ನಂಬಿಕೊಂಡಿರುತ್ತದೆ. ಮರದ ಬುಡದಲ್ಲಿ ಜನ ಜಮಾಯಿಸಿದರೆ, ತಲೆಯ ಮೇಲೆ ಡ್ರೋನ್ ಹಾರಿದರೆ ಗಂಡು ಹತ್ತಿರ ಬರಲು ಹೆದರುತ್ತದೆ. ಒಳಗಿನ ಜೀವಗಳಿಗೆ ಹಸಿವು. ಗೂಡಿನ ಜಾಗವನ್ನು, ಅಪರೂಪದ ಆರ್ಕಿಡ್ ಅಥವಾ ಔಷಧಿ ಗಿಡದ ನೆಲೆಯನ್ನು ಚಿತ್ರದಲ್ಲಿ ಗುರುತು ಸಿಗುವಂತೆ ತೋರಿಸುವುದೂ ತಪ್ಪು. ರಕ್ಷಿತಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಚಿತ್ರೀಕರಣ ಸಲ್ಲದು ಎಂಬುದು ಕಾನೂನಿನ ಮಾತು. ಗೂಡಿನಿಂದ ದೂರ ನಿಲ್ಲುವುದು ಕಾನೂನಿಗಿಂತ ಮೊದಲಿನ ಮಾತು.

ಚಿತ್ರದಿಂದ ಏನಾಗುತ್ತದೆ?

ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್ ಎಂಬ ದೈತ್ಯ ಮೀನಿನ ಬೇಟೆಯನ್ನು ಮೈಕ್ ಪಾಂಡೆಯವರು ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ತೋರಿಸಿದರು. 2001ರಲ್ಲಿ ಆ ಮೀನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿತು. ಅದೇ ವರ್ಷ ಶೇಖರ್ ದತ್ತಾತ್ರಿಯವರು ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯಿಂದಾದ ಹಾನಿಯನ್ನು ಕುರಿತು ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರವನ್ನು ತಯಾರಿಸಿದರು. 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು 2005ರ ಕೊನೆಗೆ ನಿಲ್ಲಿಸುವಂತೆ ತೀರ್ಪು ನೀಡಿತು. ಚಿತ್ರವೊಂದೇ ಗಣಿಯನ್ನು ನಿಲ್ಲಿಸಿತು ಎನ್ನುವುದು ಅತಿಶಯೋಕ್ತಿ. ಅದರ ಹಿಂದೆ ಅರ್ಜಿಗಳು, ನಕ್ಷೆಗಳು, ವಿಜ್ಞಾನಿಗಳ ವರದಿಗಳು, ವರ್ಷಗಟ್ಟಲೆಯ ಜನಹೋರಾಟ ಇದ್ದವು. ಆದರೆ ಬೆಟ್ಟ ಹತ್ತಿ ನೋಡಲಾಗದವರಿಗೂ ಬೆಟ್ಟದ ಗಾಯ ಕಾಣುವಂತೆ ಮಾಡಿದ್ದು ಕ್ಯಾಮೆರಾ. ಕಾಗದದ ಮಾತನ್ನು ಚಿತ್ರ ಎತ್ತಿಹಿಡಿಯಿತು, ಚಿತ್ರದ ಮಾತನ್ನು ಕಾಗದ ಎತ್ತಿಹಿಡಿಯಿತು.

ಮೂಲಪ್ರತಿಯ ಜೋಪಾನ

ಇಂದು ಕೃತಕ ಬುದ್ಧಿಮತ್ತೆಯಿಂದ ಇಲ್ಲದ ಕಾಡ್ಗಿಚ್ಚನ್ನೂ ಆಗದ ಪ್ರವಾಹವನ್ನೂ ಸೃಷ್ಟಿಸಬಹುದು. ಅದಕ್ಕಿಂತ ದೊಡ್ಡ ಅಪಾಯವೆಂದರೆ ನಿಜವಾಗಿ ನಡೆದುದನ್ನೂ ‘ಕೃತಕ’ ಎಂದು ತಳ್ಳಿಹಾಕುವ ಅನುಕೂಲ ತಪ್ಪಿತಸ್ಥರಿಗೆ ಸಿಕ್ಕಿರುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ವಿಡಿಯೋದಂಥ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚಿನಂಥ ಒಂದು ಸಂಕೇತ. ಒಂದೇ ಒಂದು ಚೌಕಟ್ಟು ಬದಲಾದರೂ ಅದು ಬದಲಾಗುತ್ತದೆ.

ಆದುದರಿಂದ ತಂಡಗಳು ಇಷ್ಟನ್ನಾದರೂ ರೂಢಿಸಿಕೊಳ್ಳಬೇಕು. ಚಿತ್ರಿಸಿದ ಮೂಲ ಕಡತವನ್ನು ಮುಟ್ಟದೆ ಎರಡು ಬೇರೆ ಕಡೆ ಇಡುವುದು. ಸಂಕಲನವನ್ನು ನಕಲಿನ ಮೇಲೆ ಮಾತ್ರ ನಡೆಸುವುದು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದ ಪ್ರತಿ ಕುಗ್ಗಿದ ಪ್ರತಿ ಎಂಬುದನ್ನು ನೆನಪಿಡುವುದು. ಪ್ರತಿ ದಿನದ ಕೊನೆಗೆ ದಿನಾಂಕ, ವೇಳೆ, ಊರು, ಸರ್ವೆ ನಂಬರು, ಚಿತ್ರಿಸಿದವರ ಹೆಸರು, ಹವಾಮಾನ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಚಿತ್ರ ಸಿದ್ಧವಾದ ಮೇಲೆ ಮೊದಲ ಪ್ರದರ್ಶನವನ್ನು ನಗರದ ಸಭಾಂಗಣದಲ್ಲಿ ಇಡದೆ ಚಿತ್ರದಲ್ಲಿರುವವರ ಊರಿನಲ್ಲಿ, ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ಏರ್ಪಡಿಸುವುದು. ಫ್ಲಾಹರ್ಟಿಯವರ ಬಗ್ಗೆ ಎಷ್ಟೇ ಆಕ್ಷೇಪಗಳಿದ್ದರೂ, ಅವರು ಆ ಹಿಮದ ನಾಡಿನಲ್ಲಿಯೇ ಫಿಲಂ ಸಂಸ್ಕರಿಸಿ, ತೆಗೆದ ದೃಶ್ಯಗಳನ್ನು ಇನ್ಯೂಟ್ ಜನರಿಗೇ ಮೊದಲು ತೋರಿಸುತ್ತಿದ್ದರು. ನೂರು ವರ್ಷಗಳ ಹಿಂದೆ ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಒಂದು ಪ್ರೊಜೆಕ್ಟರ್ ಮತ್ತು ಬಿಳಿ ಪಂಚೆಯಿಂದ ಇಂದು ಯಾವ ಊರಿನಲ್ಲಿಯೂ ಮಾಡಬಹುದು.

ಊರಿನವರು ನೋಡಿ, ತಪ್ಪಿದ್ದಲ್ಲಿ ತಿದ್ದಿ, ನಡೆದದ್ದು ಹೀಗೆಯೇ ಎಂದು ಒಪ್ಪಿದ ಚಿತ್ರವು ತಾಲ್ಲೂಕು ಕಚೇರಿಯ ಮುಂದೆಯೂ ನ್ಯಾಯಾಲಯದ ಮುಂದೆಯೂ ತಲೆಯೆತ್ತಿ ನಿಲ್ಲಬಲ್ಲದು. ಮುಂದಿನ ಅವಧಿಯಲ್ಲಿ ತಂಡಗಳು ತಂದಿರುವ ದೃಶ್ಯಗಳನ್ನು ಈ ಒರೆಗಲ್ಲಿಗೆ ಹಚ್ಚಿ ಚರ್ಚಿಸಬಹುದು.